ಮಾವಿನ ತೋಪಿಗೆ ಹೊಡೆದದ್ದು ಯಾವ ಗಾಳಿ?

ಕೇಳುಗರಿಗೆ ನಮಸ್ಕಾರ.

ಭರಣಿ ಮಳೆಯ ಹೊತ್ತಿಗೆ ಶ್ರೀನಿವಾಸಪುರದ ಕಡೆ ಸಂಜೆ ಗಾಳಿ ಎದ್ದಿತೆಂದರೆ ಮಾರನೇ ದಿನ ಊರಲ್ಲೆಲ್ಲ ಒಂದೇ ಮಾತು, 'ಸುಂಟರಗಾಳಿ ಹೊಡೀತು'. ತೋತಾಪುರಿ ಕಾಯಿ ನೆಲದ ಪಾಲು, ದನದ ಕೊಟ್ಟಿಗೆಯ ಶೀಟು ಪಕ್ಕದವರ ಹೊಲದಲ್ಲಿ, ಪಾಲಿಹೌಸಿನ ಹಾಳೆ ಹರಿದು ಕರೆಂಟ್ ಕಂಬಕ್ಕೆ. ನಷ್ಟದ ಮಾತು ಸುಳ್ಳಲ್ಲ. ಆದರೆ ಹೊಡೆದದ್ದು ಸುಂಟರಗಾಳಿಯೇ? ಉತ್ತರ ತೋಪಿನಲ್ಲೇ ಬಿದ್ದಿರುತ್ತದೆ.

ಉರುಳಿದ ಮರಗಳ ದಿಕ್ಕು ನೋಡಿ. ಎಲ್ಲವೂ ಒಂದೇ ಕಡೆಗೆ, ಇಲ್ಲವೇ ಒಂದು ಜಾಗದಿಂದ ಸುತ್ತ ಹೊರಕ್ಕೆ ಬಿದ್ದಿದ್ದರೆ ಅದು ಮೋಡದಿಂದ ಇಳಿದ ಗಾಳಿ, ಸುರಿಗಾಳಿ ಎನ್ನೋಣ. ಆಲಿಕಲ್ಲು ಕರಗಿ, ಹನಿ ಆವಿಯಾಗಿ ತಣ್ಣಗಾದ ಭಾರದ ಗಾಳಿ, ಬಿಂದಿಗೆ ನೀರು ಅಂಗಳಕ್ಕೆ ದಬಕ್ಕನೆ ಸುರಿದ ಹಾಗೆ ನೆಲಕ್ಕೆ ಬಡಿದು ಹರಡುತ್ತದೆ. ಕಿರಿದಾದ ಒಂದು ಪಟ್ಟಿಯಲ್ಲಿ ಮಾತ್ರ ಮರಗಳು ಅಡ್ಡಾದಿಡ್ಡಿ ಬಿದ್ದು, ಕೊಂಬೆ ತಿರುಚಿಕೊಂಡಿದ್ದರೆ ಆಗ ಸುಂಟರಗಾಳಿಯ, ಅಂದರೆ ಮೋಡದಿಂದ ನೆಲದವರೆಗೆ ಇಳಿದು ಗಿರಗಿರನೆ ತಿರುಗುವ ಗಾಳಿಯ ಗುಮಾನಿ. ಈ ಪತ್ತೆದಾರಿಕೆಯನ್ನು ಶಾಸ್ತ್ರವಾಗಿಸಿದವರು ಜಪಾನಿನಲ್ಲಿ ಹುಟ್ಟಿದ ಹವಾಮಾನ ವಿಜ್ಞಾನಿ ತೆತ್ಸುಯ ಫುಜಿತ. 1945ರಲ್ಲಿ ನಾಗಸಾಕಿಯಲ್ಲಿ ಬಾಂಬಿನ ಹೊಡೆತಕ್ಕೆ ಮರಗಳು ಸುತ್ತಲೂ ಹೊರಮುಖವಾಗಿ ಬಿದ್ದದ್ದನ್ನು ಕಂಡಿದ್ದ ಅವರಿಗೆ, ಮುಂದೆ ಅಮೆರಿಕದಲ್ಲಿ ಗಾಳಿಗೆ ಹಾಗೇ ಬಿದ್ದ ಮರಗಳನ್ನು ನೋಡಿದಾಗ ಅದು ನೆನಪಾಯಿತು.

ಮಟಮಟ ಮಧ್ಯಾಹ್ನ ಉತ್ತ ಹೊಲದಲ್ಲಿ ಧೂಳೆಬ್ಬಿಸಿ ತಿರುಗುವ ಸಣ್ಣ ಸುಳಿಗಾಳಿ ಬೇರೆ, ಅದಕ್ಕೆ ಮೋಡವೇ ಬೇಡ. ಕಾದ ನೆಲ ಸಾಕು. ಅದನ್ನು ಬಿಡಿ.

ನಮ್ಮ ದೇಶದಲ್ಲಿ ನಿಜವಾದ ಸುಂಟರಗಾಳಿಯ ಸೀಮೆ ಪಶ್ಚಿಮ ಬಂಗಾಳ, ಒಡಿಶಾ, ಅಸ್ಸಾಂ, ಗಡಿಯಾಚೆ ಬಾಂಗ್ಲಾದೇಶ. ಕಾಲ ಮಾರ್ಚ್‌ನಿಂದ ಮೇ, ಹೊತ್ತು ಹೆಚ್ಚಾಗಿ ಮಧ್ಯಾಹ್ನ ಇಳಿದ ಮೇಲೆ. ಕೆಳಗೆ ಬಂಗಾಳ ಕೊಲ್ಲಿಯ ಹಸಿ ಗಾಳಿ, ಅದರ ಮೇಲೆ ಜಾರ್ಖಂಡಿನ ಛೋಟಾ ನಾಗಪುರದ ಕಡೆಯ ಒಣ ಬಿಸಿ ಗಾಳಿ, ಇನ್ನೂ ಮೇಲೆ ಜೋರಾದ ಪಡುವಣ ಗಾಳಿ. ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕು, ವೇಗ ಬದಲಾದರೆ ಮೋಡವೇ ತಿರುಗತೊಡಗುತ್ತದೆ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಮಾಣಿಕ್‌ಗಂಜ್‌ನಲ್ಲಿ ಸುಮಾರು 1,300 ಜನ ಸತ್ತರು. ತಗಡು, ಬಿದಿರಿನ ಮನೆಗಳು, ಒತ್ತೊತ್ತಾದ ಊರುಗಳು, ಇನ್ನೇನಾದೀತು? 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯ್‌ಗುರಿಯ ಮೈನಾಗುರಿ ಕಡೆ ಹೊಡೆದದ್ದು ಕೆಲವೇ ನಿಮಿಷ. ದೆಹಲಿಯೂ 1978ರ ಮಾರ್ಚ್‌ನಲ್ಲಿ ಒಂದನ್ನು ಕಂಡಿದೆ. ಅಮೆರಿಕದಲ್ಲಂತೂ ವರ್ಷಕ್ಕೆ ಸಾವಿರಕ್ಕೂ ಹೆಚ್ಚು, ಮೇ ತಿಂಗಳಲ್ಲಿ ಅದರ ಭರಾಟೆ.

ಕೋಲಾರ, ಚಿಂತಾಮಣಿಗೂ ಅದೇ ತಿಂಗಳಲ್ಲಿ ಬಿಸಿಲುಂಟು, ಹಸಿ ಗಾಳಿಯುಂಟು. ಮೇಲಿನ ಗಾಳಿಗೆ ಮಾತ್ರ ಆ ಜೋರಿಲ್ಲ. ಮೋಡ ನೆಟ್ಟಗೆ ಬೆಳೆದು, ತನ್ನ ಮಳೆಯ ಭಾರಕ್ಕೇ ಕುಸಿಯುತ್ತದೆ. ಹಾಗಾಗಿ ನಮ್ಮ ಪಾಲಿಗೆ ಬರುವುದು ಹೆಚ್ಚಾಗಿ ಸುರಿಗಾಳಿ, ಆಲಿಕಲ್ಲು, ಸಿಡಿಲು. ಸಿಡಿಲಿನ ಸೂಚನೆಗೆ 'ದಾಮಿನಿ' ಆ್ಯಪ್ ಇದೆ, ಮೊಬೈಲಿಗೆ ಹಾಕಿಕೊಳ್ಳಿ. ತೋಪಿಗೆ ಪೆಟ್ಟು ಬಿದ್ದರೆ, ಮರ ಕೊಯ್ಯಿಸುವ ಮೊದಲು ಬುಡ ಯಾವ ಕಡೆ, ತುದಿ ಯಾವ ಕಡೆ ಎಂಬುದು ಕಾಣುವ ಹಾಗೆ ಫೋಟೋ ತೆಗೆದಿಡಿ.

ನಮಸ್ಕಾರ.