ಒಂದೇ ಔಷಧಿ, ಚರ್ಮಕ್ಕೆ ಹಿತ, ಕರುಳಿಗೆ ಅಹಿತ: ಐಎಲ್-17 ಪ್ರೋಟೀನುಗಳ ಕಥೆ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಿಂತು ಉರಿಯೂತದ ಬಗ್ಗೆ (ಸೋಂಕು, ಪೆಟ್ಟಿನ ವಿರುದ್ಧ ಹೋರಾಡುವಾಗ ಮೈಯ ಆ ಜಾಗ ಕೆಂಪಾಗಿ ಊದಿಕೊಳ್ಳುವುದು) ಮಾತಾಡೋಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ರೈಸ್‌ಮಿಲ್‌ನ ಹಮಾಲರನ್ನು ನೋಡಿ. ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡರೂ ಧೂಳು ಒಳಗೆ ಹೋಗಿಯೇ ಹೋಗುತ್ತದೆ. ಅದರಲ್ಲಿ ಬರೀ ಹೊಟ್ಟು ಇರುವುದಿಲ್ಲ. ಬ್ಯಾಕ್ಟೀರಿಯಾದ ಚೂರು, ಬೂಷ್ಟಿನ ಕಣಗಳೂ ಇರುತ್ತವೆ. ಇವನ್ನೆಲ್ಲ ಮೊದಲು ಎದುರಿಸುವುದು ಮೂಗು, ಬಾಯಿ, ಶ್ವಾಸನಾಳದ ಒಳಗಿನ ತೇವದ ಲೋಳೆಪೊರೆ.

ಇದೇ ಪೊರೆ ಕರುಳಿನಲ್ಲೂ ಇದೆ. ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಸದಾ ಬೀಡುಬಿಟ್ಟಿರುತ್ತವೆ. ಎಲ್ಲವನ್ನೂ ಶತ್ರು ಅಂದುಕೊಂಡು ಮೈಮೇಲೆ ಬಿದ್ದರೆ ಕರುಳೇ ಹಾಳಾಗುತ್ತದೆ. ಸುಮ್ನೆ ಬಿಟ್ಟರೂ ಕಷ್ಟ. ಎಲ್ಲಿ ಎಷ್ಟು ಉರಿಯೂತ ಬೇಕು ಎಂದು ಹೇಳುವ ಸಂದೇಶವಾಹಕ ಪ್ರೋಟೀನುಗಳು ಹಲವು. ನಾನು ಇವತ್ತು ಹೇಳುವುದು ಇಂಟರ್‌ಲ್ಯೂಕಿನ್-17, ಅಂದರೆ ಐಎಲ್-17 ಗುಂಪಿನ ಬಗ್ಗೆ.

ಎ ಇಂದ ಎಫ್‌ವರೆಗೆ ಇವು ಆರು. ಮೊದಲನೆಯದರ ಜೀನ್ ಸಿಕ್ಕಿದ್ದು 1993ರಲ್ಲಿ. ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ, ಮುಖದಲ್ಲಿ ಹೋಲಿಕೆ ಇದೆ, ಬುದ್ಧಿ ಬೇರೆ ಬೇರೆ.

17ಎ ಬಂದು ತಟ್ಟಿದರೆ ಲೋಳೆಪೊರೆಯ ಕೋಶ ಎರಡು ಕೆಲಸ ಮಾಡುತ್ತದೆ: ಸೂಕ್ಷ್ಮಾಣುಗಳನ್ನು ಕೊಲ್ಲುವ ಪುಟ್ಟ ಪ್ರೋಟೀನುಗಳನ್ನು ಸುರಿಸುತ್ತದೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಸುತ್ತದೆ. ಕೀವು ಅಂತೀವಲ್ಲ, ಅದರಲ್ಲಿ ಜಾಸ್ತಿ ಇರುವುದು ಸತ್ತ ನ್ಯೂಟ್ರೋಫಿಲ್‌ಗಳೇ. 17ಎಫ್ ಮಾಡುವುದೂ ಸುಮಾರು ಇದನ್ನೇ, ಆದರೆ ಜೋರು ಕಮ್ಮಿ. 17ಇ ದಾರಿಯೇ ಬೇರೆ. ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಲೋಳೆ ಹೆಚ್ಚಿಸಿ ಹೊರಗೆ ತಳ್ಳಲು ನೆರವಾಗುತ್ತದೆ. ಶ್ವಾಸನಾಳದಲ್ಲಿ ಅದೇ ಗುಣ ಅತಿಯಾದರೆ ಆಸ್ತಮಾಕ್ಕೆ ಕುಮ್ಮಕ್ಕು.

ಇವು ಇಲ್ಲದಿದ್ದರೆ ಏನಾಗುತ್ತದೆ? 2011ರಲ್ಲಿ ಉತ್ತರ ಸಿಕ್ಕಿತು. 17ಎಫ್ ಅಥವಾ ಅದರ ಗ್ರಾಹಕದ (ಕೋಶದ ಮೇಲೆ ಕೂತು ಅದರ ಸಂದೇಶ ಹಿಡಿಯುವ ರಿಸೆಪ್ಟರ್) ಜೀನ್ ಕೆಟ್ಟಿದ್ದ ಕುಟುಂಬಗಳಲ್ಲಿ ಕ್ಯಾಂಡಿಡಾ ಶಿಲೀಂಧ್ರ ಬಾಯಿಯಲ್ಲಿ, ಉಗುರಿನಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ನಾಲಿಗೆ ಮೇಲೆ ಮೊಸರು ಒಡೆದಂಥ ಬಿಳಿ ಪದರ, ಕೆರೆದರೆ ಕೆಳಗೆ ಕೆಂಪು. (ಸ್ಟೆರಾಯ್ಡ್ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದವರಿಗೂ ಇದು ಬರುತ್ತದೆ. ಮುಕ್ಕಳಿಸಿ ಉಗುಳಿಬಿಡಿ, ಇಷ್ಟೇ.)

ಈಗ ನನಗೆ ತುಂಬಾ ಇಷ್ಟವಾದ ಭಾಗ. ಸೋರಿಯಾಸಿಸ್‌ನಲ್ಲಿ ಚರ್ಮ ದಪ್ಪಗಾಗಿ, ಹೊಪ್ಪಳಿಕೆ ಏಳುವುದರಲ್ಲಿ 17ಎ ಕೈವಾಡ ದೊಡ್ಡದು. ಅದನ್ನು ತಡೆಯುವ ಸೆಕುಕಿನುಮ್ಯಾಬ್ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಎಷ್ಟೋ ಜನರ ಚರ್ಮ ತಿಳಿಯಾಯಿತು. ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಯಲ್ಲೂ 17ಎ ಜಾಸ್ತಿ ಕಾಣುತ್ತದೆ. ಹಾಗಾದರೆ ಅದಕ್ಕೂ ಇದೇ ಮದ್ದು, ಅಲ್ವಾ? ಹಾಗಂತಲೇ ಪ್ರಯೋಗ ಮಾಡಿದರು. 2012ರಲ್ಲಿ ಬಂದ ಫಲಿತಾಂಶ ಉಲ್ಟಾ: ಗುಣ ಸಿಗಲಿಲ್ಲ, ಕೆಲವರಿಗೆ ರೋಗ ಕೆರಳಿತು, ಶಿಲೀಂಧ್ರ ಸೋಂಕೂ ಹೆಚ್ಚಿತು.

ಕಾರಣ ಆಮೇಲೆ ಇಲಿಗಳಲ್ಲಿ ತಿಳಿಯಿತು. ಕರುಳಿನ ಕೋಶಗಳ ನಡುವಿನ ಬೆಸುಗೆಯನ್ನು ಭದ್ರವಾಗಿಡುವುದೂ ಇದೇ 17ಎ! ಅದನ್ನು ತಡೆದರೆ ಗೋಡೆ ಸೋರುತ್ತದೆ, ಬ್ಯಾಕ್ಟೀರಿಯಾ ಒಳನುಗ್ಗುತ್ತವೆ, ಉರಿಯೂತ ಮತ್ತಷ್ಟು ಏರುತ್ತದೆ. 2018ರ ಇನ್ನೊಂದು ಇಲಿ ಅಧ್ಯಯನದಲ್ಲಿ ಎ ಬಿಟ್ಟು ಎಫ್ ಒಂದನ್ನೇ ತಡೆದಾಗ ಕರುಳಿನ ಉರಿಯೂತ ಇಳಿಯಿತು.

ಅದಕ್ಕೇ ‘ಇಮ್ಯುನಿಟಿ ಹೆಚ್ಚಿಸುತ್ತೇವೆ’ ಎಂದು ಪುಡಿ ಮಾರುವವರನ್ನು ಕಂಡರೆ ನನಗೆ ಸಿಟ್ಟು. ಯಾವುದನ್ನು ಹೆಚ್ಚಿಸುತ್ತೀರಿ, ಎಲ್ಲಿ ಹೆಚ್ಚಿಸುತ್ತೀರಿ ಅಂತ ಕೇಳಿ ನೋಡಿ.

ಸೋರಿಯಾಸಿಸ್‌ಗೆ ಈ ಇಂಜೆಕ್ಷನ್ ಶುರು ಮಾಡುವ ಮುಂಚೆ ಡಾಕ್ಟರು ಹೊಟ್ಟೆಯ ವಿಷಯ ಕೇಳುತ್ತಾರೆ. ಹಳೆಯ ಭೇದಿ, ಮಲದಲ್ಲಿ ರಕ್ತ, ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇದ್ದದ್ದು, ಎಲ್ಲ ಹೇಳಿ. ‘ಚರ್ಮದ ಡಾಕ್ಟರಿಗೆ ಇದೆಲ್ಲ ಯಾಕೆ’ ಅಂತ ಮುಚ್ಚಿಡಬೇಡಿ.