ಅಪ್ಪ ಟೈಪ್ ಮಾಡಿದ ಸುಡೋ

ಕೆಂಪು ಚುಕ್ಕಿ ಬಂತು, ರೆಕಾರ್ಡ್ ಆಗ್ತಿದೆ. ನಮಸ್ಕಾರ. ಹಿಂದೆ ಗುಂಯ್ ಅಂತ ಕೇಳ್ತಿರೋದು ಪಕ್ಕದ ಸೈಟಿನ ಬೋರ್‌ವೆಲ್. ರಾತ್ರಿ ಹನ್ನೊಂದಕ್ಕೆ ಕೊರೀತಿದಾರೆ, ಯಾರನ್ನ ಕೇಳೋದು ಹೇಳಿ. ಸಹಿಸ್ಕೊಳ್ಳಿ.

ಇವತ್ತು ಓಪನ್‌ಎಸ್‌ಎಸ್‌ಎಚ್‌ನ, ಅಂದ್ರೆ ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗೋ ಸಾಫ್ಟ್‌ವೇರನ್ನ, ಸೋರ್ಸ್ ಅನ್ನೋ ಮೂಲ ಕೋಡಿನಿಂದ ನಾವೇ ಕಂಪೈಲ್ ಮಾಡಿ ಕಟ್ಟೋದು. ಕಟ್ಟಿ ರೆಡಿ ಇರೋ ಪ್ಯಾಕೇಜ್ ಇದೆಯಲ್ಲ, ಆಪ್ಟ್ ಇನ್‌ಸ್ಟಾಲ್ ಹೊಡೆದ್ರೆ ಆಯ್ತಲ್ಲ ಅಂತೀರ. ಅದು ಸೋಮಾರಿಗಳ ಕೆಲಸ. ಈ ಮಾತನ್ನ ಹತ್ತು ನಿಮಿಷ ಬಿಟ್ಟು ವಾಪಸ್ ತಗೋತೀನಿ, ಆದ್ರೆ ಶೂಟ್ ಮಾಡುವಾಗ ಹಾಗೇ ಅನಿಸ್ತಿತ್ತು. ನನ್ನ ಲಿನಕ್ಸ್ ಆದ ಡೆಬಿಯನ್ 12ರಲ್ಲಿ ಬರೋದು 9.2 ಆವೃತ್ತಿ. ನನಗೆ 9.9ಪಿ2 ಬೇಕಿತ್ತು. ಯಾಕೆ ಬೇಕು? ಬೇಕು, ಅಷ್ಟೇ.

ಡೌನ್‌ಲೋಡ್ ನೋಡ್ತಿದೀರ. ಹೆಚ್ಚೂಕಮ್ಮಿ 2 ಎಂಬಿ. ಇಡೀ ಪ್ರಪಂಚದ ಸರ್ವರ್‌ಗಳಿಗೆ ಬೀಗ ಹಾಕೋ ಸಾಮಾನು, ಗುಡ್ ಮಾರ್ನಿಂಗ್ ವಿಡಿಯೋಗಿಂತ ಚಿಕ್ಕದು.

ಈಗ ಜಿಪಿಜಿ ಸಹಿ, ಅಂದ್ರೆ ಫೈಲು ಅದನ್ನ ಮಾಡಿದವರಿಂದಲೇ ಬಂತು ಅನ್ನೋ ಡಿಜಿಟಲ್ ಗುರುತು, ಚೆಕ್ ಮಾಡ್ತಿದೀನಿ. ಇದನ್ನ ಬಿಡಬೇಡಿ. ಹಾಗಂತ ಸಹಿ ಸರಿ ಇದ್ರೆ ಎಲ್ಲಾ ಸರಿ ಅಂತಾನೂ ಅಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಅನ್ನೋ ಕಂಪ್ರೆಷನ್ ಲೈಬ್ರರಿಯಲ್ಲಿ ಹಿಂಬಾಗಿಲು ಸಿಕ್ಕಿತಲ್ಲ, ಅದರ ಟಾರ್‌ಬಾಲ್‌ಗೆ, ಅಂದ್ರೆ ಸೋರ್ಸ್ ಕಟ್ಟಿ ಕೊಡೋ ಗಂಟಿಗೆ, ಸಹಿ ಹಾಕಿದ್ದೇ ಹಿಂಬಾಗಿಲು ಇಟ್ಟವನು! ಎಲ್ಲರೂ ನೋಡೋ ಕೋಡಿನ ಕಣಜ ಗಿಟ್‌ನಲ್ಲಿ ಇಲ್ಲದ ಒಂದು ಫೈಲನ್ನ ಟಾರ್‌ಬಾಲ್‌ನಲ್ಲಿ ಸೇರಿಸಿದ್ದ, ಬಿಲ್ಡ್ ಮಾಡುವಾಗ ಅದು ಕೆಲಸ ಮಾಡ್ತಿತ್ತು. ಕಂಡುಹಿಡಿದಿದ್ದು ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಪೋಸ್ಟ್‌ಗ್ರೆಸ್ ಡೆವಲಪರ್. ಹೇಗೆ ಅಂದ್ರೆ, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗ್ತಿದೆ ಅಂತ ಅವರಿಗೆ ಕಿರಿಕಿರಿ ಆಯ್ತಂತೆ. ಅರ್ಧ ಸೆಕೆಂಡ್! ನನ್ನ ಇಂಟರ್ನೆಟ್ಟಿಗೆ ಲಾಗಿನ್ ಆಗೋಷ್ಟರಲ್ಲಿ ನಾನು ಪಾತ್ರೆ ತೊಳೆದು ಬರ್ತೀನಿ. ನನ್ನ ಕೈಲಿ ಜನ್ಮದಲ್ಲಿ ಸಿಕ್ತಿರ್ಲಿಲ್ಲ. ಇನ್ನೊಂದು ವಿಷಯ. ಓಪನ್‌ಎಸ್‌ಎಸ್‌ಎಚ್ ಮಾಡೋರು ಕೊಡೋ ಮೂಲ ಕೋಡಿಗೂ ಆ ಲೈಬ್ರರಿಗೂ ಸಂಬಂಧಾನೇ ಇಲ್ಲ. ಕೆಲವು ಡಿಸ್ಟ್ರೋಗಳು, ಅಂದ್ರೆ ಡೆಬಿಯನ್ ಥರದ ಲಿನಕ್ಸ್‌ಗಳು, ಸರ್ವೀಸ್‌ಗಳನ್ನ ಎಬ್ಬಿಸೋ ಸಿಸ್ಟಮ್‌ಡಿಗೋಸ್ಕರ ಹಾಕಿದ ಪ್ಯಾಚ್ ಹಿಂದೆ ಅದೂ ಒಳಗೆ ಬಂದಿತ್ತು. ಅದಕ್ಕೇ ಸೋರ್ಸ್, ಸೋರ್ಸ್ ಅಂತ ನಾನು ಬಡ್ಕೊಳ್ಳೋದು... ಅಯ್ಯೋ ಶಾಟ್ ಮುಗೀತು, ಮುಂದೆ.

ಕಾನ್ಫಿಗರ್, ಅಂದ್ರೆ ಕಟ್ಟೋ ಮುಂಚಿನ ತಯಾರಿ. ಪ್ರಿಫಿಕ್ಸ್, ಅಂದ್ರೆ ಕೂರಿಸೋ ಫೋಲ್ಡರ್, ಯುಎಸ್‌ಆರ್ ಲೋಕಲ್, ಸೆಟ್ಟಿಂಗ್ಸ್ ಮಾತ್ರ ಇಟಿಸಿ ಎಸ್‌ಎಸ್‌ಎಚ್ ಫೋಲ್ಡರ್‌ನಿಂದಲೇ ಓದಲಿ ಅಂತ ಹೇಳಿದೀನಿ. ನಿಂತಿತು. ಜೆಡ್‌ಲಿಬ್ ಅನ್ನೋ ಲೈಬ್ರರಿಯ ಹೆಡರ್ ಫೈಲ್ ಇಲ್ವಂತೆ. ಹಾಕಿದೆ. ಮತ್ತೆ ನಿಂತಿತು, ಈಗ ಓಪನ್‌ಎಸ್‌ಎಸ್‌ಎಲ್‌ದು. ಹೆಸರಿನ ಕೊನೆಗೆ ಡೆವ್ ಅಂತ ಇರೋ ಪ್ಯಾಕೇಜ್‌ಗಳನ್ನ ಹಾಕೋಕೆ ಮರೆತ್ರೆ ಹೀಗೇ ಆಗೋದು. ಪ್ಯಾಕೇಜ್ ಬೇಡ ಅಂತ ಶುರು ಮಾಡಿ ಆಗಲೇ ಎರಡು ಪ್ಯಾಕೇಜ್ ಹಾಕಿ ಆಯ್ತು, ಯಾರೂ ನಗಬೇಡಿ.

ಮೇಕ್ ಓಡ್ತಿದೆ, ಕಂಪೈಲ್ ಮಾಡೋದು ಇದೇ. ಅಕ್ಷರಗಳು ಓಡೋದನ್ನ ನೋಡ್ತಾ ಇರಿ, ಅಷ್ಟರಲ್ಲಿ ಒಂದು ಕತೆ. 1995ರಲ್ಲಿ ಹೆಲ್ಸಿಂಕಿ ಟೆಕ್ನಾಲಜಿ ಯೂನಿವರ್ಸಿಟಿ ನೆಟ್‌ವರ್ಕ್‌ನಲ್ಲಿ ಯಾರೋ ಕೂತು ಪಾಸ್‌ವರ್ಡ್ ಕದ್ದು ಕೇಳಿಸ್ಕೊಂಡ್ರು. ಆಗೆಲ್ಲ ದೂರದಿಂದ ಲಾಗಿನ್ ಆಗೋಕೆ ಟೆಲ್‌ನೆಟ್, ಪಾಸ್‌ವರ್ಡ್ ಬಟ್ಟೆ ಇಲ್ಲದೆ ತಂತಿ ಮೇಲೆ ಓಡಾಡ್ತಿತ್ತು. ಅಲ್ಲಿದ್ದ ತಾತು ಯುಲೋನೆನ್ ಅನ್ನೋರು ಇದಕ್ಕೊಂದು ಗತಿ ಕಾಣಿಸ್ಬೇಕು ಅಂತ ಎಸ್‌ಎಸ್‌ಎಚ್ ಬರೆದ್ರು. ಒಂದೊಂದು ಸೇವೆಗೂ ಪೋರ್ಟ್ ಅಂತ ಒಂದು ಬಾಗಿಲ ನಂಬರ್ ಇರುತ್ತೆ. ಫೈಲ್ ಕಳಿಸೋ ಎಫ್‌ಟಿಪಿ 21, ಟೆಲ್‌ನೆಟ್ 23, ಮಧ್ಯೆ 22 ಖಾಲಿ ಇತ್ತು. ಪೋರ್ಟ್ ನಂಬರ್ ಹಂಚೋರಿಗೆ ಒಂದು ಇಮೇಲ್ ಹಾಕಿ ಕೇಳಿದ್ರು, ಮರುದಿನ ಕೊಟ್ಟೇಬಿಟ್ರು! ನಮ್ಮೂರಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟು ಎಷ್ಟು ವರ್ಷ ಆಯ್ತು ಅಂತ ಅಪ್ಪನ್ನ ಕೇಳ್ಬೇಕು. ಆಮೇಲೆ ಅದರ ಲೈಸೆನ್ಸ್ ಬಿಗಿ ಆಗ್ತಾ ಹೋಯ್ತು. ಅದಕ್ಕೇ 1999ರಲ್ಲಿ ಓಪನ್‌ಬಿಎಸ್‌ಡಿಯವರು ಹಳೇ ಮುಕ್ತ ಆವೃತ್ತಿಯನ್ನ ಎತ್ಕೊಂಡು ಬೆಳೆಸಿದ್ರು. ಮೊದಲು ಓಪನ್‌ಬಿಎಸ್‌ಡಿಗೆ ಬರೀತಾರೆ, ಮಿಕ್ಕ ಸಿಸ್ಟಮ್‌ಗಳಿಗೆ ಒಗ್ಗಿಸಿದ್ದಕ್ಕೆ ಪಿ ಅಂತ ಸೇರಿಸ್ತಾರೆ. ಪೋರ್ಟಬಲ್‌ನ ಪಿ. ಹಾಂ, ಮೇಕ್ ಮುಗೀತು.

ಇನ್‌ಸ್ಟಾಲ್ ಆಯ್ತು. ಹಳೇದನ್ನ ಮುಟ್ಟದೆ ಪೋರ್ಟ್ 2222ರಲ್ಲಿ ಎಬ್ಬಿಸ್ತಿದೀನಿ. ಬೈಗುಳ ಬಂತು ನೋಡಿ, ಪೂರ್ತಿ ಪಾತ್ ಕೊಟ್ಟು ಕರಿ ಅಂತೆ. ಲಾಗಿನ್‌ಗೆ ಕಾದು ಕೂರೋ ಪ್ರೋಗ್ರಾಂ ಹೆಸರು ಎಸ್‌ಎಸ್‌ಎಚ್‌ಡಿ, ಬರೀ ಹೆಸರು ಕೂಗಿದ್ರೆ ಏಳಲ್ಲ. ಮದುವೆಗೆ ಮನೆಗೇ ಬಂದು ಕರೀಬೇಕು, ವಾಟ್ಸಾಪ್‌ನಲ್ಲಿ ಕರೆದ್ರೆ ಬರಲ್ಲ ಅನ್ನೋ ನೆಂಟರ ಥರ. ಪೂರ್ತಿ ಕರೆದ ಮೇಲೆ ಇನ್ನೊಂದು ತಕರಾರು. ವಾರ್ ಒಳಗೆ ಎಂಪ್ಟಿ ಅಂತ ಒಂದು ಖಾಲಿ ಫೋಲ್ಡರ್ ಬೇಕು, ಅದು ರೂಟ್, ಅಂದ್ರೆ ಸಿಸ್ಟಮ್ಮಿನ ಯಜಮಾನನ, ಹೆಸರಲ್ಲೇ ಇರಬೇಕು, ಬೇರೆ ಯಾರಿಗೂ ಅದರಲ್ಲಿ ಬರೆಯೋ ಹಕ್ಕು ಇರಬಾರದು. ಲಾಗಿನ್ ಆಗೋ ಮುಂಚೆ ಅಪರಿಚಿತರ ಜೊತೆ ಮಾತಾಡೋ ಭಾಗವನ್ನ ಆ ಖಾಲಿ ಕೋಣೆಯಲ್ಲಿ ಕೂಡಿಹಾಕ್ತಾರೆ. ಕೆಟ್ಟರೂ ಅಲ್ಲಿ ಕದಿಯೋಕೆ ಏನೂ ಇರಲ್ಲ. ನನಗೆ ಇಡೀ ಸಾಫ್ಟ್‌ವೇರ್‌ನಲ್ಲಿ ಬಹಳ ಇಷ್ಟ ಆಗಿದ್ದು ಇದು.

ಎದ್ದಿತು. ಲಾಗಿನ್ ಆಯ್ತು. ಇಲ್ಲಿಗೆ ವಿಡಿಯೋ ಮುಗಿಸಬೇಕಿತ್ತು.

ಮುಗಿಸಲಿಲ್ಲ. ಊರಲ್ಲಿ, ಸಾಗರದ ಹತ್ತಿರ, ನಮ್ಮನೆ ಅಟ್ಟದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಇದೆ. ಅಡಿಕೆ ಒಣಗಿಸೋ ಅಂಗಳದ ಕ್ಯಾಮೆರಾ ಅದಕ್ಕೇ ಸಿಕ್ಕಿಸಿರೋದು. ಅದಕ್ಕೆ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ, ಬೆಂಗಳೂರಿಂದ ನಾನು ಎಸ್‌ಎಸ್‌ಎಚ್‌ನಲ್ಲೇ ನೋಡ್ಕೊಳ್ಳೋದು. ಅಲ್ಲೂ ಡೆಬಿಯನ್ 12. ಇಲ್ಲಿ ಕಟ್ಟಿದ್ದನ್ನೇ ಅಲ್ಲಿಗೆ ಕಳಿಸಿದ್ರೆ ಆಯ್ತು ಅಂತ ಎಸ್‌ಎಸ್‌ಎಚ್‌ಡಿ ಫೈಲನ್ನ ಕಳಿಸಿದೆ. ಖಾಲಿ ಫೋಲ್ಡರ್ ನೆನಪಿಟ್ಟು ಮಾಡಿದೆ, ಬಹಳ ಜಾಣ. ಹಳೇದರ ಮೇಲೆ ಕಾಪಿ ಮಾಡಹೋದ್ರೆ ಟೆಕ್ಸ್ಟ್ ಫೈಲ್ ಬಿಸಿ ಅಂತ ಬಂತು, ಓಡ್ತಿರೋ ಪ್ರೋಗ್ರಾಂ ಮೇಲೆ ಬರೆಯೋಕಾಗಲ್ಲ ಅಂತ. ಬಿಸಿ ಅಂದಾಗಲೇ ಕೈ ತೆಗೀಬೇಕಿತ್ತು. ತೆಗೀಲಿಲ್ಲ. ಹಳೇದಕ್ಕೆ ಕೊನೇಲಿ ಡಾಟ್ ಓಲ್ಡ್ ಅಂತ ಸೇರಿಸಿ ಪಕ್ಕಕ್ಕಿಟ್ಟು, ಹೊಸದನ್ನ ಕೂರಿಸಿ, ಒಂದೇ ಸಾಲಲ್ಲಿ ರೀಸ್ಟಾರ್ಟ್, ಸೆಮಿಕೋಲನ್, ಎಕ್ಸಿಟ್.

ಆ ಎಕ್ಸಿಟ್ ಯಾಕೆ ಹೊಡೆದೆ ಅಂತ ನನ್ನ ಹೆಂಡತಿ ಇವತ್ತಿಗೂ ಕೇಳ್ತಾಳೆ.

ಆಗಿದ್ದು ಇಷ್ಟು. 9.8ರಿಂದ ಎಸ್‌ಎಸ್‌ಎಚ್‌ಡಿ ಒಂದೇ ಫೈಲ್ ಅಲ್ಲ. ಬಾಗಿಲಲ್ಲಿ ನಿಂತು ಬನ್ನಿ ಅನ್ನೋನು ಒಬ್ಬ, ಒಳಗೆ ಕರ್ಕೊಂಡು ಹೋಗಿ ಎಲೆ ಹಾಕಿ ಕೂರಿಸೋನು ಇನ್ನೊಬ್ಬ. ಆ ಇನ್ನೊಬ್ಬನ ಹೆಸರು ಎಸ್‌ಎಸ್‌ಎಚ್‌ಡಿ ಸೆಷನ್, ಅವನು ಇರೋದು ಲಿಬ್‌ಎಕ್ಸೆಕ್ ಫೋಲ್ಡರ್‌ನಲ್ಲಿ. ನಾನು ಬಾಗಿಲಿನವನನ್ನ ಮಾತ್ರ ಬಸ್ ಹತ್ತಿಸಿ ಕಳಿಸಿದ್ದೆ. ಅವನು ಒಳಗೆ ತಿರುಗಿ ನೋಡಿದ, ಜೊತೆಗಾರ ಇಲ್ಲ, ಕದ ಹಾಕ್ಕೊಂಡು ಮಲಗಿಬಿಟ್ಟ. ಮೇಕ್ ಇನ್‌ಸ್ಟಾಲ್ ಮಾಡಿದ್ರೆ ಇಬ್ಬರೂ ಹೋಗಿರ್ತಿದ್ರು. ಸೆಷನ್ ತೆರೆದಿಟ್ಟಿದ್ರೂ ಬಚಾವಾಗ್ತಿದ್ದೆ, ಕೇಳೋನು ಸತ್ತರೂ ಒಳಗಿದ್ದ ಸೆಷನ್ ಬದುಕಿರುತ್ತೆ.

ಈಗ ಬರೋ ಫೂಟೇಜ್ ಅಮ್ಮ ತೆಗೆದಿದ್ದು. ಆ ಗುಲಾಬಿ ಬಣ್ಣ ಅಮ್ಮನ ಬೆರಳು.

ಮೊದಲು ಕೀಬೋರ್ಡ್ ಬೇಕಲ್ಲ. ಅಪ್ಪ ಬಸ್ಸಲ್ಲಿ ಸಾಗರ ಪೇಟೆಗೆ ಹೋಗಿ 600 ಹೇಳಿದ್ದನ್ನ ಚೌಕಾಸಿ ಮಾಡಿ 550ಕ್ಕೆ ತಂದ್ರು. ಮಿನಿ ಪಿಸಿಯನ್ನ ಅಟ್ಟದಿಂದ ಇಳಿಸಿ ಹಾಲ್‌ನ ಟಿವಿಗೆ ಸಿಕ್ಕಿಸಿದ್ರು. ಅಮ್ಮನ ಧಾರಾವಾಹಿ ಹೊತ್ತಿಗೆ ಸರಿಯಾಗಿ. ನಾನು ಫೋನ್ ಸ್ಪೀಕರ್‌ನಲ್ಲಿ.

"ಪಾಸ್‌ವರ್ಡ್ ಹಾಕಪ್ಪ."

"ಹೊಡೀತಾ ಇದೀನಿ, ಎಂತದೂ ಬರ್ತಾ ಇಲ್ಲ. 550 ನೀರಿಗೆ ಹೋಯ್ತು ಮಾರಾಯ."

"ಕಾಣಲ್ಲ ಅದು, ಸುಮ್ನೆ ಹೊಡಿ. ಆಯ್ತಾ? ಈಗ ಸುಡೋ ಅಂತ ಹೊಡಿ."

"ಎಂತ ಸುಡೋದು?"

ಅಮ್ಮ ಹಿಂದಿನಿಂದ, "ಆ ಡಬ್ಬಾನೇ ಸುಡಿ" ಅಂದಿದ್ದು ಕೇಳಿಸ್ತಾ?

ಎಸ್ ಯು ಡಿ ಓ ಅಂತ ಬಿಡಿಸಿ ಹೇಳಿದೆ, ಯಜಮಾನನ ಅಧಿಕಾರದಲ್ಲಿ ಮಾಡು ಅನ್ನೋ ಆಜ್ಞೆ ಅದು. ಆಮೇಲೆ ಎಂ ವಿ, ಫೈಲಿನ ಹೆಸರು ಬದಲಾಯಿಸೋಕೆ. ಆಮೇಲೆ ಓರೆ ಗೆರೆ. "ಎಡಕ್ಕೆ ವಾಲಿದ್ದೋ ಬಲಕ್ಕೋ?" ಪ್ರಶ್ನಾರ್ಥಕ ಚಿಹ್ನೆ ಇರೋ ಕೀ ಅಪ್ಪ. ಆಮೇಲೆ ಯು ಎಸ್ ಆರ್, ಫೋಲ್ಡರ್ ಹೆಸರು. ಇಲ್ಲಿ ಕೆಟ್ಟಿತು ನೋಡಿ. ಅಪ್ಪ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವರು. ಮೂರು ಸಲ ಹೇಳಿದೆ, ಮೂರು ಸಲವೂ ಅಂಥ ಫೈಲೇ ಇಲ್ಲ ಅಂತ ಬಂತು. ಅಮ್ಮನಿಗೆ ಪರದೆ ತೋರಿಸು ಅಂದೆ, ಬೆರಳು ಸರಿಸಿದ್ಲು, ನೋಡಿದ್ರೆ ನಡುವೆ ಒಂದು ಇ ಕೂತಿದೆ.

"ಅಪ್ಪಾ, ಇ ಇಲ್ಲ ಅದರಲ್ಲಿ."

"ಯೂಸರ್‌ಗೆ ಇ ಇರ್ತದೆ. ಬರೆದವನಿಗೆ ಸ್ಪೆಲ್ಲಿಂಗ್ ಬರಲ್ಲ ಅಂದ್ರೆ ನಾನೂ ತಪ್ಪು ಬರೀಬೇಕಾ?"

ಈ ಒಂದು ಅಕ್ಷರಕ್ಕೆ ಇಪ್ಪತ್ತು ನಿಮಿಷ ಹೋಯ್ತು. ಯುನಿಕ್ಸ್ ಶುರುವಾದ ಕಾಲದಿಂದ ಹೀಗೇ ಇದೆ, ಈಗ ತಿದ್ದೋಕಾಗಲ್ಲ ಅಂದೆ. ತಿದ್ದದೇ ಬಿಟ್ಟಿದ್ದಕ್ಕೇ ಈ ಗತಿ ಅಂದ್ರು. ಅಂತೂ ಇ ತೆಗೆದ್ರು, ಬೇಜಾರಲ್ಲೇ. ಡಾಟ್ ಓಲ್ಡ್ ಹೋಗಿ ಹಳೇದು ತನ್ನ ಜಾಗಕ್ಕೆ ಬಂತು. ಪರದೆ ಮೇಲೆ ಏನೂ ಬರಲಿಲ್ಲ.

"ಉತ್ತರಾನೇ ಕೊಡ್ಲಿಲ್ಲ ಅದು."

"ಏನೂ ಹೇಳ್ದೆ ಇದ್ರೆ ಸರಿಯಾಗಿದೆ ಅಂತ ಅರ್ಥ."

"ನನ್ನ ಕ್ಲಾಸಲ್ಲಿ ಹಂಗೆ ಕೂತವ್ರೆಲ್ಲ ಫೇಲು."

ಸ್ವಿಚ್ ಆಫ್ ಮಾಡಿ ಆನ್ ಮಾಡು ಅಂದೆ. ಅದು ಮಾತ್ರ ಒಂದೇ ಸಲಕ್ಕೆ ಅರ್ಥ ಆಯ್ತು. ಇಲ್ಲಿಂದ ಎಸ್‌ಎಸ್‌ಎಚ್ ಹೊಡೆದೆ, ಬಂತು. ಮೂರು ದಿನದ ಮೇಲೆ ಕ್ಯಾಮೆರಾ ತೆಗೆದ್ರೆ ಅಂಗಳದ ಮೂಲೇಲಿ ಎರಡು ಮಂಗ, ಬಾಳೆಗೊನೆ ಮುಂದೆ, ಆರಾಮಾಗಿ. ಅಪ್ಪಾ ಅಂಗಳಕ್ಕೆ ಓಡು ಅಂತ ಕೂಗಿದೆ. ಓಡಿದ್ರು, ಆ ಕೀಬೋರ್ಡ್ ಕೈಯಲ್ಲೇ ಹಿಡ್ಕೊಂಡು, ಈ ಶಾಟಲ್ಲಿ ಕಾಣುತ್ತೆ ನೋಡಿ, ಬಲಗಡೆಯಿಂದ.

ಸರಿ, ಸೋಮಾರಿಗಳ ಕೆಲಸ ಅಂದಿದ್ದನ್ನ ವಾಪಸ್ ತಗೊಂಡೆ. ಊರಿನ ಡಬ್ಬದಲ್ಲಿ ಡೆಬಿಯನ್‌ನ 9.2 ಇರಲಿ. ನಂಬರ್ ಹಳೇದು ಅಂತ ಕಂಡ್ರೂ ಸೆಕ್ಯುರಿಟಿ ತೇಪೆಗಳನ್ನ ಅವರೇ ಹಿಂದಕ್ಕೆ ತಂದು ಹಾಕ್ತಿರ್ತಾರೆ, ನಾನು ಹಾಕಿದ್ರೆ ಆ ಕೆಲಸ ನನ್ನ ತಲೆಗೇ. ಸೋರ್ಸ್ ಆಟ ಎಲ್ಲ ಈ ಮೇಜಿನ ಮೇಲೆ, ಕೈಗೆಟಕೋ ಮಷೀನ್‌ನಲ್ಲಿ. ಆದ್ರೂ 10 ಬಂದಿದೆಯಂತಲ್ಲ, ಅದರಲ್ಲಿ ಎಸ್‌ಎಸ್‌ಎಚ್‌ಡಿ ಆಥ್ ಅಂತ ಮೂರನೆಯವನೂ ಸೇರ್ಕೊಂಡಿದಾನೆ, ಅವನನ್ನೂ ಒಂದು ಕೈ ನೋಡೋಣ ಅಂತ... ಬ್ಯಾಟರಿ ಹೋಯ್ತು.