ಎಷ್ಟು ಹಿಡಿದರೆ ಸಾಕು?

ಎಲ್ಲರಿಗೂ ನಮಸ್ಕಾರ. ಕಾಡು-ನೀರು ಕಾಪಾಡುವ ಮಾತು ಬಂದರೆ ನಮಗೆ ಮೊದಲು ನೆನಪಾಗುವುದು ಬೇಲಿ, ಪಕ್ಕದಲ್ಲೊಂದು 'ಪ್ರವೇಶ ನಿಷಿದ್ಧ' ಬೋರ್ಡು. ಇವತ್ತು ಬೇಲಿ ಹಾಕದೆ ಕಾಪಾಡಿದವರ ಕಥೆ ಹೇಳುತ್ತೇನೆ, ಒಂದು ಮೀನಿನ ನೆಪದಲ್ಲಿ.

ಕೆನಡಾದ ಪೂರ್ವ ಕರಾವಳಿಯ ನೋವಾ ಸ್ಕಾಟಿಯಾ ಮತ್ತು ಅದರ ಆಸುಪಾಸು ಮಿಕ್ಮಾ ಜನರ ಮೂಲನೆಲ. ಬರೆಯುವುದು ಮಿಕ್ಮಾ, ಅವರ ಬಾಯಲ್ಲಿ ಕೇಳಿಸುವುದು ಮಿಗ್ಮಾ. ಅವರ ಪ್ರೀತಿಯ ಮೀನು ಹಾವುಮೀನು. ಚಳಿಗಾಲದಲ್ಲಿ ಅದು ಕೆಸರಿನಲ್ಲಿ ಹೂತುಕೊಂಡು ಮಲಗುತ್ತದೆ. ಮಂಜುಗಡ್ಡೆಗೆ ತೂತು ಕೊರೆದು, ಉದ್ದ ಹಿಡಿಯ ಈಟಿ ಇಳಿಸಿ, ಅಂದಾಜಿನ ಮೇಲೆ ತಿವಿಯಬೇಕು. ಸುಲಿದ ಚರ್ಮವನ್ನೂ ಬಿಡುವುದಿಲ್ಲ: ಉಳುಕಿದ ಕಾಲಿಗೆ ಹಸಿಯಾಗಿ ಸುತ್ತಿದರೆ ಒಣಗುತ್ತಾ ಬಿಗಿದು ಪಟ್ಟಿಯ ಹಾಗೆ ಹಿಡಿದುಕೊಳ್ಳುತ್ತದೆ. ಹಿಡಿದದ್ದರಲ್ಲಿ ಹಿರಿಯರ ಮನೆಗೆ ಪಾಲು ಹೋಗುತ್ತದೆ.

ಈ ನಡವಳಿಕೆಗೆ ಅವರಿಟ್ಟ ಹೆಸರು ನೆದುಗುಲಿಂಕ್. ಅದನ್ನು ಬರೀ 'ಸಂರಕ್ಷಣೆ' ಎಂದರೆ ಅರ್ಧ ಅರ್ಥ ಸೋರಿಹೋಗುತ್ತದೆ. ಬದುಕಿಗೆ ಬೇಕಾದಷ್ಟು ತಗೋ, ತೆಗೆದ ಜಾಗ ಬಡವಾಗದ ಹಾಗೆ ತಗೋ. ಎರಡೂ ಒಂದೇ ಪದದಲ್ಲಿವೆ.

1993ರ ಆಗಸ್ಟ್‌ನಲ್ಲಿ ಡೊನಾಲ್ಡ್ ಮಾರ್ಷಲ್ ಜೂನಿಯರ್ ಎಂಬ ಮಿಕ್ಮಾ ಮನುಷ್ಯ 463 ಪೌಂಡ್ ಹಾವುಮೀನು ಹಿಡಿದು 787 ಡಾಲರ್ 10 ಸೆಂಟ್‌ಗೆ ಮಾರಿದ. ಲೈಸೆನ್ಸ್ ಇಲ್ಲ ಎಂದು ಕೇಸು ಬಿತ್ತು. ಮಾಡದ ಕೊಲೆಗಾಗಿ 11 ವರ್ಷ ಜೈಲಿನಲ್ಲಿ ಕೊಳೆತು ಬಂದ ಮನುಷ್ಯ ಇವನೇ, ಅದು ಬೇರೆಯೇ ಕಥೆ. ಬ್ರಿಟಿಷರು ಮಿಕ್ಮಾ ಜನರ ಜೊತೆ ಮಾಡಿಕೊಂಡಿದ್ದ 1760-61ರ ಒಪ್ಪಂದಗಳನ್ನು ಮುಂದಿಟ್ಟು ವಾದಿಸಿ, 1999ರ ಸೆಪ್ಟೆಂಬರ್ 17ರಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದ. 'ಮಿತವಾದ ಜೀವನೋಪಾಯ'ಕ್ಕಾಗಿ ಹಿಡಿದು ಮಾರುವ ಹಕ್ಕು ಮಿಕ್ಮಾ ಜನರಿಗಿದೆ ಎಂದಿತು ಕೋರ್ಟು. ಅದೇ ವರ್ಷ ನವೆಂಬರ್‌ನಲ್ಲಿ, ಸಂರಕ್ಷಣೆಗಾಗಿ ಸರ್ಕಾರ ನಿಯಂತ್ರಣ ಹೇರಬಹುದು ಎಂದೂ ಸೇರಿಸಿತು.

ಮಿತ ಎಂದರೆ ಎಷ್ಟು, ಅಳೆಯುವವರು ಯಾರು? ಜಗಳವೆಲ್ಲ ಅಲ್ಲೇ. 2020ರಲ್ಲಿ, ಅದೇ ಸೆಪ್ಟೆಂಬರ್ 17ರಂದು, ಸಿಪೆಕ್ನೆಕಾಟಿಕ್ ಎಂಬ ಮಿಕ್ಮಾ ಸಮುದಾಯ ತಾನೇ ಲೈಸೆನ್ಸ್ ಕೊಟ್ಟು, ತಲಾ 50 ಬೋನಿನ ಮಿತಿ ಹಾಕಿ ಲಾಬ್‌ಸ್ಟರ್ ಹಿಡಿಯಲು ಇಳಿಯಿತು. ಸೀಸನ್ ಅಲ್ಲದಾಗ ಹಿಡಿದರೆ ಸಂತತಿ ಕುಗ್ಗುತ್ತದೆ ಎಂದು ಇತರ ಮೀನುಗಾರರು ಸಿಟ್ಟಾದರು. ಅಕ್ಟೋಬರ್‌ನಲ್ಲಿ ಲಾಬ್‌ಸ್ಟರ್ ದಾಸ್ತಾನಿನ ಕಟ್ಟಡವೊಂದು ಸುಟ್ಟುಹೋಯಿತು. ಆ ಮೀನುಗಾರರ ಆತಂಕ ಸುಳ್ಳೆನ್ನಲಾರೆ. ಆದರೆ ಬೆರಳೆಣಿಕೆಯ ದೋಣಿಗಳ ಮೇಲೆ ಅಷ್ಟು ಕೋಪವೇಕೆ ಎಂಬುದು ನನಗೆ ಬಗೆಹರಿದಿಲ್ಲ.

ಎಸ್ಕಸೋನಿ ಎಂಬ ಮಿಕ್ಮಾ ಊರಿನ ಹಿರಿಯರಾದ ಆಲ್ಬರ್ಟ್ ಮತ್ತು ಮರ್ಡೀನಾ ಮಾರ್ಷಲ್ ದಂಪತಿ ಈ ಜಗಳಕ್ಕೂ ಮೊದಲೇ 'ಎರಡು ಕಣ್ಣಿನ ನೋಟ' ಎಂಬ ಮಾತು ಕೊಟ್ಟಿದ್ದರು. ಒಂದು ಕಣ್ಣು ತಮ್ಮವರ ಅರಿವಿನದು, ಇನ್ನೊಂದು ವಿಜ್ಞಾನದ್ದು, ನೋಡುವುದು ಎರಡರಿಂದಲೂ.

ಆ ನೋಟಕ್ಕೀಗ ಕಷ್ಟದ ಕೆಲಸ ಬಿದ್ದಿದೆ. ಅಟ್ಲಾಂಟಿಕ್ ಸಾಗರದ ನಡುವಿನ ಸಾರ್ಗಾಸೋ ಸಮುದ್ರದಲ್ಲಿ ಹುಟ್ಟಿ ತೇಲಿಬರುವ ಹಾವುಮೀನಿನ ಮರಿಗಳು ಗಾಜಿನಂತೆ ಪಾರದರ್ಶಕ, ಬೆರಳುದ್ದವೂ ಇಲ್ಲ. ಏಷ್ಯಾದ ಸಾಕಣೆ ಕೇಂದ್ರಗಳಿಗೆ ಅವೇ ಬೇಕು. 2022ರಲ್ಲಿ ಕಿಲೋಗೆ ಸುಮಾರು 5,000 ಡಾಲರ್ ಇತ್ತು. ಹಿಡಿಯುವವರಲ್ಲಿ ಮಿಕ್ಮಾ ಜನರೂ ಇದ್ದಾರೆ. 2024ರಲ್ಲಿ ಸರ್ಕಾರ ಸೀಸನ್ನನ್ನೇ ತೆರೆಯಲಿಲ್ಲ. ಆ ಮರಿ ಈಟಿಗೆ ಸಿಗುವಷ್ಟು ದಪ್ಪವಾಗಲು ವರ್ಷಗಳೇ ಬೇಕು.